ಮಕ್ಕಳು ದೆವ್ವದ ಎದುರು ನಿಂತಾಗ: ಹಾಸನ, ಚಿಕ್ಕಮಗಳೂರು ಕಡೆಯ ಭಯದ ಕಥೆ ಹೇಗಿರಬೇಕು?

ಹೇಮಾವತಿ ದಂಡೆ

ಮಕ್ಕಳು ದೆವ್ವ, ಭೂತ, ಪೀಡೆಗಳ ಎದುರು ನಿಲ್ಲುವ ಕಥೆಗಳ ಬಗ್ಗೆ ಮಾತಾಡಬೇಕು ಅಂತ ಈ ಚರ್ಚೆ ಶುರು ಮಾಡಿದ್ದೇನೆ. ಆನ್‌ಲೈನಿನಲ್ಲಿ ಇಂಥ ಕಥೆ ಸಿಕ್ಕರೆ ನಾನು ಬಿಡುವುದಿಲ್ಲ. ಆದರೆ ಓದಿ ಮುಗಿಸಿದಾಗ ಬೇಜಾರಾಗುತ್ತದೆ. ಊರಿನ ಹೆಸರು ಸಕಲೇಶಪುರ ಅಂತ ಇರುತ್ತದೆ. ಒಳಗೆ ಹೋದರೆ ನೆಲಮಾಳಿಗೆ, ಗಾಜಿನ ಕಣ್ಣಿನ ಗೊಂಬೆ, ಹನ್ನೆರಡು ಹೊಡೆಯುವ ದೊಡ್ಡ ಗಡಿಯಾರ. ಮಲೆನಾಡಿನ ಯಾವ ಮನೆಯಲ್ಲಿ ನೆಲಮಾಳಿಗೆ ನೋಡಿದ್ದೀರಿ? ಮಳೆಗಾಲದಲ್ಲಿ ಅಂಗಳದಲ್ಲೇ ಒರತೆ ಏಳುವ ಊರು ನಮ್ಮದು.

ನಮ್ಮಲ್ಲಿ ಇಂಥ ಕಥೆ ಇರಲಿಲ್ಲವೇ? ಇತ್ತು. ಅದೂ ಎಂಟುನೂರು ವರ್ಷ ಹಿಂದೆ, ನಮ್ಮ ಹಾಸನದ ನೆಲದಲ್ಲೇ. ಹೊಯ್ಸಳ ದೊರೆ ವೀರಬಲ್ಲಾಳನ ಆಸ್ಥಾನದ ಕವಿ ಜನ್ನ. ಅವರ ರಾಜಧಾನಿ ದೋರಸಮುದ್ರ, ಅಂದರೆ ಈಗಿನ ಹಳೇಬೀಡು. ಜನ್ನ 1209ರಲ್ಲಿ ಬರೆದು ಮುಗಿಸಿದ 'ಯಶೋಧರ ಚರಿತೆ' ಶುರುವಾಗುವುದೇ ಇಬ್ಬರು ಮಕ್ಕಳನ್ನು ಬಲಿಗೆ ಎಳೆದುಕೊಂಡು ಹೋಗುವುದರಿಂದ. ಅಣ್ಣ ಅಭಯರುಚಿ, ತಂಗಿ ಅಭಯಮತಿ. ಮುಂದೆ ಚಂಡಮಾರಿಯ ಗುಡಿ, ನೆತ್ತರು, ಕತ್ತಿ ಹಿಡಿದ ರಾಜ ಮಾರಿದತ್ತ. ಆ ಮಕ್ಕಳು ಅಳುವುದಿಲ್ಲ. ಓಡುವುದಿಲ್ಲ. ಕತ್ತಿ ಕಿತ್ತುಕೊಳ್ಳುವುದೂ ಇಲ್ಲ. ರಾಜ 'ನೀವು ಯಾರು' ಅಂತ ಕೇಳುವ ಹಾಗೆ ನಿಲ್ಲುತ್ತಾರೆ. ಕೇಳಿದ ಮೇಲೆ ತಮ್ಮ ಕಥೆ ಹೇಳುತ್ತಾರೆ. ಆ ಕಥೆಯೊಳಗೆ ಇನ್ನೊಂದು ಭಯ ಇದೆ. ಕೊಲ್ಲುವುದು ಬೇಡ ಅಂತ ಹಿಟ್ಟಿನಲ್ಲಿ ಕೋಳಿ ಮಾಡಿ ಬಲಿ ಕೊಡುತ್ತಾರೆ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ! ಇದಕ್ಕಿಂತ ಮೈ ಜುಮ್ಮೆನ್ನಿಸುವ ಜಾಗ ಯಾವ ದೆವ್ವದ ಕಥೆಯಲ್ಲಿದೆ ಹೇಳಿ.

ನನಗೆ ಕಾಣುವುದು ಇಷ್ಟು. ನಮ್ಮ ಹಳೆಯ ಕಥೆಗಳಲ್ಲಿ ಭಯ ಹುಟ್ಟುವುದು ದೊಡ್ಡವರು ಮಾಡಿದ ತಪ್ಪಿನಿಂದ. ಅದನ್ನು ನಿಲ್ಲಿಸುವುದು ಮಗುವಿನ ಮಾತು. ಈ ಎರಡು ಇಲ್ಲದಿದ್ದರೆ ಕಥೆಯಲ್ಲಿ ಮಗುವಿಗೆ ಕೆಲಸವೇ ಇರುವುದಿಲ್ಲ. ಸುಮ್ನೆ ಕಿರುಚುವುದಕ್ಕೆ ಒಂದು ಮಗುವನ್ನು ತಂದು ನಿಲ್ಲಿಸಿದ ಹಾಗಾಗುತ್ತದೆ. ನೀವೆಲ್ಲ ಏನು ಹೇಳುತ್ತೀರಿ?

ಮೂಡಿಗೆರೆ ಮೇಷ್ಟ್ರು

ಒಳ್ಳೆಯ ಚರ್ಚೆ. ನಿಮ್ಮ ಮಾತಿಗೆ ಚಿಕ್ಕಮಗಳೂರಿನ ಕಡೆಯಿಂದ ಒಂದು ಸಾಕ್ಷಿ ಸೇರಿಸುತ್ತೇನೆ.

ಚಿಕ್ಕಮಗಳೂರಿಗೆ ಅಂಟಿಕೊಂಡೇ ಇರುವ ಹಿರೇಮಗಳೂರಿನಲ್ಲಿ ಒಂದು ಯೂಪಸ್ತಂಭ, ಅಂದರೆ ಯಾಗದ ಕಂಬ ಇದೆ. ಜನಮೇಜಯ ಸರ್ಪಯಾಗ ಮಾಡಿದ್ದು ಅಲ್ಲೇ ಅಂತ ಜನರ ನಂಬಿಕೆ. ಆ ಯಾಗವನ್ನು ಮಕ್ಕಳ ಕಣ್ಣಿನಿಂದ ಒಮ್ಮೆ ನೋಡಿ. ಅಪ್ಪನನ್ನು ಹಾವು ಕಚ್ಚಿತು ಅಂತ ಮಗ ಲೋಕದ ಹಾವುಗಳನ್ನೆಲ್ಲ ಬೆಂಕಿಗೆ ಕರೆಯುತ್ತಾನೆ. ಮಂತ್ರಕ್ಕೆ ಸಿಕ್ಕಿ ಅವು ಒಂದರ ಮೇಲೆ ಒಂದು ಬಂದು ಬೀಳುತ್ತವೆ. ಅದನ್ನು ನಿಲ್ಲಿಸಿದವನು ಆಸ್ತೀಕ, ಇನ್ನೂ ಹುಡುಗ. ಯಾಗಶಾಲೆಗೆ ಬಂದು ಮಾತಾಡುತ್ತಾನೆ. ಹುಡುಗನಾದರೂ ಹಿರಿಯನ ಹಾಗೆ ಮಾತಾಡುತ್ತಾನಲ್ಲ ಅಂತ ರಾಜ ಮೆಚ್ಚಿ ವರ ಕೇಳು ಅನ್ನುತ್ತಾನೆ. ಹುಡುಗ ಕೇಳಿದ್ದು ಒಂದೇ: ಇದನ್ನು ನಿಲ್ಲಿಸು.

ಹಾವಿನ ಭಯ ಆದಾಗ ಆಸ್ತೀಕನ ಹೆಸರು ಹೇಳುವವರು ನಮ್ಮಲ್ಲಿ ಈಗಲೂ ಇದ್ದಾರೆ. ಒಬ್ಬ ಹುಡುಗನ ಹೆಸರು ಕತ್ತಲಲ್ಲಿ ಹಾದಿ ನಡೆಯುವವರಿಗೆ ಕಾವಲಾಗಿ ಉಳಿದಿದೆ ಅಂದರೆ ಸಣ್ಣ ಮಾತಲ್ಲ.

ನಚಿಕೇತನೂ ಅಷ್ಟೇ ಅಲ್ವಾ? ಅಪ್ಪ ಮುದಿ ಹಸುಗಳನ್ನು ದಾನ ಕೊಟ್ಟ. ಮಗ ಪ್ರಶ್ನೆ ಕೇಳಿದ. ಅಪ್ಪ ಸಿಟ್ಟಿನಲ್ಲಿ 'ನಿನ್ನನ್ನು ಯಮನಿಗೆ ಕೊಟ್ಟೆ' ಅಂದ. ಹುಡುಗ ಹೋಗಿ ಯಮನ ಬಾಗಿಲಲ್ಲಿ ಮೂರು ರಾತ್ರಿ ಊಟವಿಲ್ಲದೆ ಕೂತ. ನೀವು ಹೇಳಿದ ಎರಡೂ ಇಲ್ಲಿ ಇವೆ. ತಪ್ಪು ಅಪ್ಪನದು, ಮಾತು ಮಗನದು.

ಕಾಫಿ ಕಣ

ಇಬ್ಬರಿಗೂ ನಮಸ್ಕಾರ. ಪುರಾಣ ಎಲ್ಲ ಸರಿ. ಆದರೆ ಓದುವಾಗ ಬೆನ್ನು ತಣ್ಣಗಾಗಬೇಕಲ್ಲ? ತಪ್ಪು, ಋಣ, ನ್ಯಾಯ ಅಂತ ಶುರು ಮಾಡಿದರೆ ಕಥೆ ಪಾಠ ಆಗಿಬಿಡುತ್ತದೆ ಅನ್ನುವುದು ನನ್ನ ಹೆದರಿಕೆ. ನನಗೆ ಮೊದಲು ಜಾಗ ಬೇಕು, ಸದ್ದು ಬೇಕು.

ನಮ್ಮ ತೋಟದ ಕಡೆ ಸದ್ದಿಗೆ ಬರ ಇಲ್ಲ. ಮಳೆ ಶುರುವಾದ ಮೇಲೆ ಬೆಳಗಿನ ಜಾವ ಹಳ್ಳದ ಬದಿ ಒಂದು ಹಕ್ಕಿ ಸಿಳ್ಳೆ ಹಾಕುತ್ತದೆ. ಕಪ್ಪು ನೀಲಿ ಬಣ್ಣದ್ದು. ರಾಗ ಗೊತ್ತಿಲ್ಲದ ಹುಡುಗ ಸುಮ್ನೆ ಸಿಳ್ಳೆ ಹಾಕಿಕೊಂಡು ಹೋದ ಹಾಗೇ ಕೇಳುತ್ತದೆ. ಮಧ್ಯದಲ್ಲಿ ನಿಲ್ಲಿಸುತ್ತದೆ, ಮತ್ತೆ ಬೇರೆ ಎಲ್ಲಿಂದಲೋ ಹಿಡಿಯುತ್ತದೆ. ಹಕ್ಕಿ ಅಂತ ಗೊತ್ತಿಲ್ಲದವರು ಯಾರೋ ಹುಡುಗ ಇದ್ದಾನೆ ಅಂತಲೇ ತಿಳಿಯುತ್ತಾರೆ. ಕಾಡಿನಲ್ಲಿರುವ ದೊಡ್ಡ ಗೂಬೆ ಹೆಂಗಸು ಚೀರಿದ ಹಾಗೆ ಕೂಗುತ್ತದೆ. ಕಾಡುಕುರಿ ಬೊಗಳುತ್ತದೆ. ಜೋರು ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ಬೆಳೆಯುವ ಕೆಲವು ಅಣಬೆಗಳು ರಾತ್ರಿ ಹಸಿರಾಗಿ ಬೆಳಗುತ್ತವೆ. ಕೆಸರುಗದ್ದೆ ಕಡೆ ಕೊಳ್ಳಿದೆವ್ವ ನೋಡಿದೆ ಅನ್ನುವವರು ಪ್ರತಿ ಊರಲ್ಲೂ ಇದ್ದಾರೆ.

ಇದನ್ನೆಲ್ಲ ಬಿಟ್ಟು ಗಾಜಿನ ಕಣ್ಣಿನ ಗೊಂಬೆ ತರುತ್ತಾರಲ್ಲ, ಆ ಸಂಕಟ ನನಗೂ ಇದೆ. ಆದರೆ ನನ್ನ ಪ್ರಕಾರ ದೆವ್ವ ಯಾಕೆ ಬಂತು ಅಂತ ಹೇಳಲೇಬಾರದು. ಹೇಳಿದ ತಕ್ಷಣ ಭಯ ಅರ್ಧ ಇಳಿಯುತ್ತದೆ.

ಹೇಮಾವತಿ ದಂಡೆ

ಕಾಫಿ ಕಣ ಅವರೇ, ಸದ್ದಿನ ವಿಷಯಕ್ಕೆ ಕೈ ಮುಗಿದೆ. ಆ ಸಿಳ್ಳೆ ಹಕ್ಕಿಯನ್ನು ಕಥೆಯಲ್ಲಿ ಯಾರೂ ಯಾಕೆ ತಂದಿಲ್ಲ ಅಂತ ಆಶ್ಚರ್ಯವಾಗುತ್ತದೆ. ಶಾಲೆಗೆ ಒಂಟಿಯಾಗಿ ಕಾಲುದಾರಿಯಲ್ಲಿ ಹೋಗುವ ಮಗು, ಮಂಜು, ಮುಂದೆ ಯಾರೋ ಹುಡುಗ ಸಿಳ್ಳೆ ಹಾಕಿಕೊಂಡು ಹೋಗುತ್ತಿದ್ದಾನೆ. ಎಷ್ಟು ಬೇಗ ನಡೆದರೂ ಅವನು ಸಿಗುವುದಿಲ್ಲ. ಅಷ್ಟಕ್ಕೇ ಕಥೆ ಎದ್ದು ನಿಂತಿತು.

ಕಾರಣದ ಮಾತಿಗೆ ಒಪ್ಪುವುದಿಲ್ಲ. ದೆವ್ವ ಯಾಕೆ ಬಂತು ಅಂತ ಲೇಖಕ ವಿವರಿಸಬಾರದು, ನಿಜ. ಆದರೆ ಲೇಖಕನಿಗೆ ಗೊತ್ತಿರಬೇಕು. ಮನೆಯ ದೊಡ್ಡವರಿಗೂ ಗೊತ್ತಿರಬೇಕು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರಬೇಕು. ಸ್ಟೀಫನ್ ಕಿಂಗ್ 1986ರಲ್ಲಿ ಬರೆದ 'ಇಟ್' ಕಾದಂಬರಿ ಓದಿದವರು ನೆನಪಿಸಿಕೊಳ್ಳಿ. ಮಕ್ಕಳನ್ನು ತಿನ್ನುವ ಒಂದು ಪೀಡೆ ಸುಮಾರು 27 ವರ್ಷಕ್ಕೊಮ್ಮೆ ಏಳುತ್ತದೆ. ಅದು ಭಯವೇ. ಆದರೆ ಆ ಊರಿನ ದೊಡ್ಡವರು ನೋಡಿಯೂ ನೋಡದ ಹಾಗೆ ಮುಖ ತಿರುಗಿಸುವುದು ಅದಕ್ಕಿಂತ ಜಾಸ್ತಿ ಭಯ. ಬೇರೆ ದೇಶ, ಬೇರೆ ಊರು. ಆದರೂ ಆ ಮುಖ ತಿರುಗಿಸುವುದು ನಮಗೆ ಗುರುತು ಸಿಗುತ್ತದೆ ಅಲ್ವಾ?

ಇಬ್ಬರು ಮಕ್ಕಳ ತಾಯಿ, ಹಾಸನ

ನಾನು ಕಥೆ ಬರೆಯುವವಳಲ್ಲ, ಓದುವವಳು. ಒಂದು ಪ್ರಶ್ನೆ ಇದೆ. ಇಂಥ ಕಥೆ ಮಕ್ಕಳ ಬಗ್ಗೆಯೋ, ಮಕ್ಕಳಿಗೋ? ನನ್ನ ದೊಡ್ಡ ಮಗಳಿಗೆ ಹನ್ನೊಂದು, ಚಿಕ್ಕವನಿಗೆ ಐದು. ಅಕ್ಕ ಓದಿದ ಕಥೆಯನ್ನು ತಮ್ಮನಿಗೆ ಹೇಳುತ್ತಾಳೆ. ಆಮೇಲೆ ಅವನು ರಾತ್ರಿ ಚೀರಿಕೊಂಡು ಏಳುತ್ತಾನೆ. ಕಣ್ಣು ಬಿಟ್ಟಿರುತ್ತಾನೆ, ನನ್ನ ಗುರುತು ಸಿಗುವುದಿಲ್ಲ. ಅತ್ತೆ 'ಗಾಳಿ ಸೋಕಿದೆ, ತಾಯತ ಕಟ್ಟಿಸು' ಅನ್ನುತ್ತಾರೆ. ಕಥೆಯಿಂದಲೇ ಹೀಗಾಯಿತಾ ಅಂತ ನನಗೆ ಚಿಂತೆ.

ಮೂಡಿಗೆರೆ ಮೇಷ್ಟ್ರು

ತಾಯಿ, ಹೆದರಬೇಡಿ. ನೀವು ಹೇಳಿದ್ದು ಕೆಟ್ಟ ಕನಸಿಗಿಂತ ಬೇರೆ ಥರದ್ದು ಅನ್ನಿಸುತ್ತದೆ. ಮಲಗಿದ ಮೊದಲ ಎರಡು ಮೂರು ಗಂಟೆಯಲ್ಲಿ, ಗಾಢ ನಿದ್ದೆಯಲ್ಲಿ, ಕೆಲವು ಮಕ್ಕಳು ಹೀಗೆ ಚೀರಿ ಏಳುತ್ತಾರೆ. ಕಣ್ಣು ತೆರೆದಿದ್ದರೂ ನಿದ್ದೆಯಲ್ಲೇ ಇರುತ್ತಾರೆ. ಬೆಳಿಗ್ಗೆ ಕೇಳಿದರೆ ನೆನಪೇ ಇರುವುದಿಲ್ಲ. ಅಲ್ಲಾಡಿಸಿ ಎಬ್ಬಿಸಬೇಡಿ. ಬಿದ್ದು ಪೆಟ್ಟಾಗದ ಹಾಗೆ ಹತ್ತಿರ ಇರಿ. ತಾನಾಗೇ ಮತ್ತೆ ಮಲಗುತ್ತಾನೆ. ಕೆಟ್ಟ ಕನಸು ಸಾಮಾನ್ಯವಾಗಿ ರಾತ್ರಿಯ ಎರಡನೇ ಅರ್ಧದಲ್ಲಿ ಬರುತ್ತದೆ, ಎದ್ದ ಮೇಲೆ ಮಗುವಿಗೆ ನೆನಪಿರುತ್ತದೆ. ಪದೇ ಪದೇ ಆದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಇನ್ನು ಕಥೆ ಯಾರಿಗೆ ಅನ್ನುವುದು. ಐದು ವರ್ಷದವನಿಗೆ ಬೇಡ. ಕಥೆಯ ದೆವ್ವ ಕಥೆಯಲ್ಲೇ ಉಳಿಯುತ್ತದೆ ಅನ್ನುವುದು ಆ ವಯಸ್ಸಿಗೆ ಗಟ್ಟಿಯಾಗಿ ಗೊತ್ತಿರುವುದಿಲ್ಲ. ಹತ್ತು ಹನ್ನೊಂದರ ಮಕ್ಕಳು ಬೇರೆ. ಕರೆಂಟು ಹೋದ ಮಧ್ಯಾಹ್ನ, ಹೊರಗೆ ಆಷಾಢದ ಮಳೆ ಸುರಿಯುವಾಗ, ನನ್ನ ತರಗತಿಯ ಮಕ್ಕಳು ತಾವಾಗೇ 'ಸಾರ್, ದೆವ್ವದ ಕಥೆ' ಅನ್ನುತ್ತಾರೆ. ಹೇಳುವಾಗ ಅವರ ಮುಖ ನೋಡುತ್ತೇನೆ. ಒಬ್ಬರ ಮೈ ಒಬ್ಬರಿಗೆ ತಾಗಿಸಿಕೊಂಡು ಕೂರುತ್ತಾರೆ. ಮುಗಿದ ಮೇಲೆ ಒಬ್ಬೊಬ್ಬರೇ ತಮ್ಮ ಕಥೆ ಹೇಳಲು ಶುರು ಮಾಡುತ್ತಾರೆ. ಆಗ ಹೊರಬರುವುದು ದೆವ್ವ ಒಂದೇ ಅಲ್ಲ. ಅಪ್ಪ ಕುಡಿದು ಬರುವ ರಾತ್ರಿ ಬರುತ್ತದೆ, ಆನೆ ಬಂದ ದಾರಿ ಬರುತ್ತದೆ, ಹಳ್ಳ ತುಂಬಿದಾಗ ದಾಟಿದ ಕಾಲುಸಂಕ ಬರುತ್ತದೆ. ಸುಮ್ಮನೆ ಕೇಳಿದರೆ ಹೇಳದ ಮಕ್ಕಳು ದೆವ್ವದ ನೆಪದಲ್ಲಿ ಹೇಳುತ್ತಾರೆ. ಅದಕ್ಕೇ ನಾನು ಈ ಕಥೆಗಳ ಪರ.

ಇಬ್ಬರು ಮಕ್ಕಳ ತಾಯಿ, ಹಾಸನ

ಥ್ಯಾಂಕ್ಸ್ ಮೇಷ್ಟ್ರೇ. ಮನಸ್ಸಿಗೆ ಸ್ವಲ್ಪ ನಿರಾಳ ಆಯಿತು. ಬೆಳಿಗ್ಗೆ ಅವನಿಗೆ ಏನೂ ನೆನಪಿರುವುದಿಲ್ಲ, ಅದು ನಿಜ. ತಾಯತದ ವಿಷಯ ಅತ್ತೆಗೆ ನಿಧಾನವಾಗಿ ಹೇಳುತ್ತೇನೆ. ಪುರಂದರದಾಸರ ಪದದಲ್ಲಿ ಬಾಲಕೃಷ್ಣನೇ ಗುಮ್ಮನನ್ನು ಕರೆಯಬೇಡಮ್ಮ ಅಂತ ಬೇಡಿಕೊಳ್ಳುತ್ತಾನಲ್ಲ. ಊಟ ಮಾಡುತ್ತೇನೆ, ಅಳುವುದಿಲ್ಲ ಅಂತ ಮಾತು ಕೊಡುತ್ತಾನೆ. ಈ ಚರ್ಚೆ ಓದಿದ ಮೇಲೆ ಆ ಹಾಡು ಬೇರೆಯಾಗಿ ಕೇಳಿಸಿತು. ಗುಮ್ಮನನ್ನು ಕರೆಯುವವಳು ಅಮ್ಮನೇ.

ಲೈನ್ ಮನೆ ಹುಡುಗ

ಆ ಕೊನೆಯ ಮಾತು ನನ್ನನ್ನು ಇಲ್ಲಿ ಬರೆಯುವ ಹಾಗೆ ಮಾಡಿತು ಅಕ್ಕ.

ನಾನು ಹುಟ್ಟಿ ಬೆಳೆದದ್ದು ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆಯಲ್ಲಿ. ಅಪ್ಪ ಅಮ್ಮ ತೋಟದ ಕೆಲಸದವರು. ನಮಗೆ ಹೇಳುತ್ತಿದ್ದ ದೆವ್ವಗಳ ವಿಳಾಸ ನನಗೆ ಚೆನ್ನಾಗಿ ನೆನಪಿದೆ. ಒಂದು ಕಿತ್ತಳೆ ಮರದ ಹತ್ತಿರ ಇತ್ತು. ಒಂದು ಮೆಣಸಿನ ಬಳ್ಳಿ ಜಾಸ್ತಿ ಇದ್ದ ಪಟ್ಟೆಯಲ್ಲಿ ಇತ್ತು. ಒಂದು ಕಣದ ಪಕ್ಕದ ಗೋಡೌನಿನಲ್ಲಿ. ಯಾವ ದೆವ್ವವೂ ನಮ್ಮ ಸೋರುವ ಲೈನ್ ಮನೆಗೆ ಬರಲಿಲ್ಲ. ಎಲ್ಲವೂ ಯಜಮಾನರ ಬೆಳೆ ಕಾಯುತ್ತಿದ್ದವು. ದೊಡ್ಡವನಾದ ಮೇಲೆ ಇದು ಹೊಳೆಯಿತು. ಹೊಳೆದ ದಿನ ಸಿಟ್ಟೂ ಬಂತು, ಅಳುವೂ ಬಂತು.

ಇನ್ನೊಂದು ವಿಷಯ. ನಮ್ಮ ಕಡೆಯ ಕಥೆಗಳಲ್ಲಿ ದೆವ್ವ ಆಗುವವರು ಯಾರು ಅಂತ ನೋಡಿ. ಬಾಣಂತಿ, ಬಾವಿಗೆ ಬಿದ್ದ ಸೊಸೆ, ಕೂಲಿ ಹೆಂಗಸು, ಜೀತದ ಆಳು. ಬದುಕಿದ್ದಾಗ ಯಾರ ಮಾತು ಯಾರೂ ಕೇಳಲಿಲ್ಲವೋ ಅವರೇ ಸತ್ತ ಮೇಲೆ ಪೀಡೆ. ಕಥೆಯಲ್ಲಿ ಮತ್ತೆ ಅವರನ್ನೇ ಓಡಿಸಬೇಕು. ಮೊಳೆ ಹೊಡೆಯಬೇಕು, ಬೂದಿ ಎರಚಬೇಕು. ಓಡಿಸಿದ ಮೇಲೆ ದೊಡ್ಡ ಮನೆಯ ಮಕ್ಕಳು ಚೆನ್ನಾಗಿ ನಿದ್ದೆ ಮಾಡುತ್ತಾರೆ.

ದಂಡೆಯವರು ಹೇಳಿದ 'ದೊಡ್ಡವರ ತಪ್ಪು' ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಯಾವ ದೊಡ್ಡವರು ಅಂತ ಹೆಸರು ಹಿಡಿದು ಬರೆಯಿರಿ. ಎಲ್ಲ ದೊಡ್ಡವರ ತಪ್ಪು ಒಂದೇ ತೂಕದ್ದಲ್ಲ. ಮತ್ತು ದೆವ್ವವನ್ನು ಓಡಿಸದೆ ಕಥೆ ಮುಗಿಸಲು ಆಗುತ್ತದಾ ಅಂತ ನೋಡಿ.

ಕಾಫಿ ಕಣ

ಸರ್, ನಿಮ್ಮ ಬರಹ ಓದಿ ಬಹಳ ಹೊತ್ತು ಸುಮ್ಮನಿದ್ದೆ. ಕಾರಣ ಬೇಡ ಅಂತ ನಾನು ಮೇಲೆ ಬರೆದಿದ್ದೆ. ಕಿತ್ತಳೆ ಮರದ ದೆವ್ವಕ್ಕೆ ಕಾರಣ ಗೊತ್ತಾದಾಗ ನಿಮಗೆ ಭಯ ಇಳಿಯಿತಾ, ಏರಿತಾ?

ಲೈನ್ ಮನೆ ಹುಡುಗ

ದೆವ್ವದ ಭಯ ಹೋಯಿತು. ಅದನ್ನು ಹೇಳಿದವರ ಭಯ ಶುರುವಾಯಿತು. ಇಂಥ ಭಯಕ್ಕೆ ದೀಪ ಹಚ್ಚಿದರೆ ಪ್ರಯೋಜನ ಇಲ್ಲ ಸರ್.

ಹೇಮಾವತಿ ದಂಡೆ

ಇದೇ. ನಾನು ಹುಡುಕುತ್ತಿದ್ದದ್ದು ಇದೇ. ಧೈರ್ಯ ಮಾಡಿ ನಾನು ಬರೆಯುತ್ತಿರುವ ಕಥೆಯ ಶುರುವನ್ನು ಹಾಕುತ್ತಿದ್ದೇನೆ. ಜಾಗ ಶೆಟ್ಟಿಹಳ್ಳಿ. ಗೊತ್ತಿಲ್ಲದವರಿಗೆ: ಹಾಸನದಿಂದ ಸುಮಾರು 20 ಕಿಲೋಮೀಟರ್. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚು ಅಲ್ಲಿದೆ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರು ಬಂತು, ಜನ ಬೇರೆ ಕಡೆ ಹೋದರು. ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಣ ನೆಲದ ಮೇಲೆ ನಿಲ್ಲುತ್ತದೆ. ಫೋಟೋ ತೆಗೆಯಲು ಹೋಗುವವರಿಗೆ ಚರ್ಚು ಕಾಣುತ್ತದೆ. ನನ್ನ ಕಥೆ ಅದರ ಆಚೆಯ ನೆಲದ್ದು.

"ಮೇ ತಿಂಗಳು. ನೀರು ಇಳಿದಿತ್ತು. ಮೇಕೆ ಹುಡುಕಿಕೊಂಡು ಕಾವ್ಯ ಚರ್ಚು ದಾಟಿ ಬಂದಳು. ಬಿರುಕು ಬಿಟ್ಟ ಕೆಸರಿನ ನಡುವೆ ಒಂದು ಹೊಸ್ತಿಲು ಇತ್ತು. ಗೋಡೆ ಇಲ್ಲ, ಬಾಗಿಲಿಲ್ಲ. ಹೊಸ್ತಿಲು ಮಾತ್ರ. ಅದರ ಮುಂದೆ ರಂಗೋಲಿ. ಏಳು ಚುಕ್ಕಿಯದು. ಒಂದು ಎಳೆ ಮುಗಿದಿರಲಿಲ್ಲ. ಕಾವ್ಯ ಕೂತು ಬೆರಳಿನಿಂದ ಮುಟ್ಟಿದಳು. ಪುಡಿ ಬೆರಳಿಗೆ ಅಂಟಿತು, ಹೊಸದು. ಮನೆಗೆ ಬಂದು ಅಜ್ಜಿಗೆ ಹೇಳಿದಳು. ಅಕ್ಕಿ ಆರಿಸುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ. 'ಯಾವ ಕಡೆಯ ಎಳೆ ಬಿಟ್ಟಿತ್ತು?' ಅಂತ ಕೇಳಿದಳು."

ಮುಂದಿನದು ಹೀಗೆ. ಆ ರಂಗೋಲಿ ಅಜ್ಜಿ ದಿನಾ ತಮ್ಮ ಮನೆ ಮುಂದೆ ಹಾಕುವುದೇ. ಮುಳುಗಿದ ಆ ಮನೆ ಅಜ್ಜಿಯವರದು, ಅಲ್ಲಿ ಜೀತಕ್ಕಿದ್ದ ಒಬ್ಬಳು ಹುಡುಗಿ ಇದ್ದಳು. ರಂಗೋಲಿಯನ್ನು ಅಜ್ಜಿಗೆ ಕಲಿಸಿದವಳೇ ಅವಳು. ಕಾನೂನಿನ ಪ್ರಕಾರ ಜೀತ 1976ರಲ್ಲೇ ರದ್ದಾಗಿತ್ತು. ಹಾಗಾಗಿ ನೀರು ಬರುವ ಮುಂಚೆ ಮನೆಯವರ ಹೆಸರು ಬರೆಸುವಾಗ ಅವಳ ಹೆಸರನ್ನು ಯಾರೂ ಬರೆಸಲಿಲ್ಲ. ಬರೆಸಿದರೆ ಅವಳು ಯಾರು ಅಂತ ಕೇಳುತ್ತಾರಲ್ಲ. ಪಟ್ಟಿಯಲ್ಲಿ ಇಲ್ಲದವಳು ಗಾಡಿಯಲ್ಲೂ ಇರಲಿಲ್ಲ. ದಿನ ಕಳೆದ ಹಾಗೆ ರಂಗೋಲಿ ಕಾವ್ಯಳ ಮನೆ ಕಡೆ ಹತ್ತಿರ ಬರುತ್ತದೆ.

ಸಕಲೇಶಪುರದ ಓದುಗ

ಎಳೆ ಯಾವ ಕಡೆ ಬಿಟ್ಟಿತ್ತು ಅಂತ ಅಜ್ಜಿ ಕೇಳಿದ್ದು ಓದಿ ಫೋನು ಕೆಳಗಿಟ್ಟೆ. ದಯವಿಟ್ಟು ನೀರೊಳಗೆ ಗಂಟೆ ಹೊಡೆಸಬೇಡಿ. ಮುಳುಗಿದ ಚರ್ಚು ಅಂದರೆ ಎಲ್ಲರೂ ಗಂಟೆಗೇ ಹೋಗುತ್ತಾರೆ.

ನಾನೂ ಒಂದು ಕಥೆ ಯೋಚಿಸುತ್ತಿದ್ದೇನೆ, ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ ಇಳಿಯುವ ರೈಲು ದಾರಿಯದು. 57 ಸುರಂಗ ಇವೆ. ರೈಲಿನಲ್ಲಿ ಕೂತ ಮಕ್ಕಳು ಸುರಂಗ ಬಂದಾಗಲೆಲ್ಲ ಕೂಗುತ್ತಾರೆ. ಒಂದು ಮಗು ಸುಮ್ಮನೆ ಎಣಿಸುತ್ತಾ ಹೋಗುತ್ತದೆ, ಎಣಿಕೆ 58ಕ್ಕೆ ಬರುತ್ತದೆ. ಇದರಲ್ಲಿ ದೊಡ್ಡವರ ತಪ್ಪು ಎಲ್ಲಿ ಅಂತ ಈ ಚರ್ಚೆ ಓದಿದ ಮೇಲೆ ಹುಡುಕುತ್ತಿದ್ದೇನೆ. ಬಂಡೆ ಸಿಡಿಸಿ ಆ ದಾರಿ ಮಾಡಿದ ಕೂಲಿಗಳ ಕಡೆ ಮನಸ್ಸು ಹೋಗುತ್ತಿದೆ.

ವಿಜ್ಞಾನ ಪ್ರೇಮಿ, ಕಡೂರು

ನನ್ನದು ಬೇರೆ ದನಿ. ದಯವಿಟ್ಟು ತಪ್ಪು ತಿಳಿಯಬೇಡಿ. ಕರ್ನಾಟಕದಲ್ಲಿ ಮಾಟ, ಮಂತ್ರ, ಅಮಾನವೀಯ ಆಚರಣೆಗಳ ವಿರುದ್ಧ 2017ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ದೆವ್ವ ಬಿಡಿಸುತ್ತೇವೆ ಅಂತ ಹೊಡೆಯುವವರು ಇದ್ದಾರೆ. ಇಂಥ ಕಡೆ ದೆವ್ವ ನಿಜ ಅನ್ನುವ ಕಥೆ ಬರೆದು ಮಕ್ಕಳ ಕೈಗೆ ಕೊಟ್ಟರೆ ಅದರ ಲಾಭ ಯಾರಿಗೆ? ಕಥೆ ಕೊನೆಯಲ್ಲಿ 'ಇದೆಲ್ಲ ಯಾರೋ ಮಾಡಿದ ನಾಟಕ' ಅಂತ ತಿಳಿಸಬಾರದೇಕೆ?

ಹೇಮಾವತಿ ದಂಡೆ

ನಿಮ್ಮ ಆತಂಕ ನನ್ನದೂ ಹೌದು ಸರ್. ಅದಕ್ಕೇ ನನ್ನ ಕಥೆಯಲ್ಲಿ ಮಂತ್ರವಾದಿ ಇಲ್ಲ. ಇದ್ದರೂ ಅವನಿಂದ ಏನೂ ಆಗುವುದಿಲ್ಲ. ದೆವ್ವ ಬಿಡಿಸುವವನು ಗೆಲ್ಲುವ ಕಥೆಯೇ ಮೂಢನಂಬಿಕೆಗೆ ಗೊಬ್ಬರ. ದೆವ್ವ ಇರುವ ಕಥೆ ಅಲ್ಲ.

'ನಾಟಕ' ಅಂತ ಮುಗಿಸಲು ನನಗೆ ಆಗುವುದಿಲ್ಲ. ಆ ಹುಡುಗಿಯನ್ನು ಬಿಟ್ಟು ಬಂದದ್ದು ನಿಜ ಅಂತಾದರೆ, ಅವಳು ವಾಪಸ್ಸು ಬಂದದ್ದನ್ನು ನಾಟಕ ಮಾಡಿದರೆ, ಮನೆಯವರು ಎರಡನೇ ಸಲ ತಪ್ಪಿಸಿಕೊಂಡ ಹಾಗಾಗುತ್ತದೆ. ಜನ್ನನ ಹಿಟ್ಟಿನ ಕೋಳಿ ಕೂಗದೆ ಇದ್ದಿದ್ದರೆ ಆ ಬಲಿ ಬರೀ ಹಿಟ್ಟಿನದೇ ಆಗಿ ಉಳಿಯುತ್ತಿತ್ತು.

ವಿಜ್ಞಾನ ಪ್ರೇಮಿ, ಕಡೂರು

ಮಂತ್ರವಾದಿ ಗೆಲ್ಲಬಾರದು ಅನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಉಳಿದದ್ದು ಓದಿ ನೋಡುತ್ತೇನೆ.

ಇಬ್ಬರು ಮಕ್ಕಳ ತಾಯಿ, ಹಾಸನ

ರಂಗೋಲಿ ಹತ್ತಿರ ಬರುವುದು ಓದಿದಾಗ ಹಾಸನಾಂಬೆ ಗುಡಿಯ ಸೊಸೆ ಕಲ್ಲು ನೆನಪಾಯಿತು. ದೇವಿಯ ಮುಂದೆ ಮೈಮರೆತಿದ್ದ ಸೊಸೆಯನ್ನು ಅತ್ತೆ ಹೊಡೆದಳು, ಸೊಸೆ ಅಮ್ಮಾ ಅಂತ ಕೂಗಿದಳು, ದೇವಿ ಅವಳನ್ನು ಕಲ್ಲಾಗಿ ತನ್ನ ಹತ್ತಿರ ಇಟ್ಟುಕೊಂಡಳು. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ, ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಅಂತ ಹೇಳುತ್ತಾರೆ. ವರ್ಷಕ್ಕೊಮ್ಮೆ ಬಾಗಿಲು ತೆರೆದಾಗ ಸಾಲಿನಲ್ಲಿ ನಿಂತು ನಾನು ಚಿಕ್ಕವಳಿದ್ದಾಗ ಅದನ್ನೇ ಯೋಚಿಸುತ್ತಿದ್ದೆ. ಈ ವರ್ಷ ಎಷ್ಟು ಸರಿದಿರಬಹುದು ಅಂತ.

ಏಳು ಜನ ಅಕ್ಕತಂಗಿಯರಲ್ಲಿ ಮೂವರು ಇಲ್ಲಿ ಹುತ್ತದ ರೂಪದಲ್ಲಿ, ಮೂವರು ದೇವಿಗೆರೆಯಲ್ಲಿ, ಒಬ್ಬಳು ಕೆಂಚಮ್ಮನ ಹೊಸಕೋಟೆಯಲ್ಲಿ ನೆಲೆಸಿದರು ಅಂತ ನಮ್ಮ ಕಡೆ ನಂಬಿಕೆ. ಏಳು ಚುಕ್ಕಿ ಅಂತ ನೀವು ಬರೆದದ್ದು ಅದಕ್ಕೇನಾ?

ಹೇಮಾವತಿ ದಂಡೆ

ಹೌದು ಅಕ್ಕ. ಸಪ್ತಮಾತೃಕೆಯರು. ಮಹಾಭಾರತದಲ್ಲಿ ಮಾತೃಕೆಯರು ಮೊದಲು ಮಕ್ಕಳನ್ನು ಕಾಡುವವರು. ಅವರನ್ನು ಗೌರವಿಸಿದರೆ ಅವರೇ ಮಕ್ಕಳನ್ನು ಕಾಯುತ್ತಾರೆ. ಸುಶ್ರುತ ಸಂಹಿತೆ ಅನ್ನುವ ಹಳೆಯ ವೈದ್ಯಗ್ರಂಥದಲ್ಲಿ ಮಕ್ಕಳನ್ನು ಹಿಡಿಯುವ ಒಂಬತ್ತು ಬಾಲಗ್ರಹಗಳ ಹೆಸರಿದೆ, ಅದರಲ್ಲಿ ಪೂತನೆಯೂ ಇದ್ದಾಳೆ. ಕಾಡುವವಳು ಮತ್ತು ಕಾಯುವವಳು ಒಬ್ಬಳೇ. ನಡುವೆ ಇರುವುದು ನಾವು ಅವಳನ್ನು ಹೇಗೆ ನಡೆಸಿಕೊಂಡೆವು ಅನ್ನುವುದು ಮಾತ್ರ. ಲೈನ್ ಮನೆಯವರು ಕೇಳಿದ್ದಕ್ಕೆ, ಅಂದರೆ ದೆವ್ವವನ್ನು ಓಡಿಸದೆ ಮುಗಿಸುವುದಕ್ಕೆ, ನನಗೆ ಇಲ್ಲಿ ದಾರಿ ಕಾಣುತ್ತದೆ. ಕಾವ್ಯ ಆ ಹುಡುಗಿಯನ್ನು ಹೆಸರು ಹಿಡಿದು ಕರೆಯಬೇಕು.

ಸಿಕ್ಕಿಕೊಂಡಿರುವುದೂ ಅಲ್ಲೇ. ಹೆಸರು ಯಾರಿಗೂ ನೆನಪಿಲ್ಲ. ಅಜ್ಜಿಗೂ ಇಲ್ಲ. 'ಏ ಕೂಸೇ' ಅಂತ ಕರೆಯುತ್ತಿದ್ದರು, ಅಷ್ಟೇ.

ಮೂಡಿಗೆರೆ ಮೇಷ್ಟ್ರು

ಶಾಲೆಯ ದಾಖಲಾತಿ ಪುಸ್ತಕ ನೋಡಿಸಿ. ಹಳೆಯ ಶಾಲೆಗಳಲ್ಲಿ ಆ ಪುಸ್ತಕ ಜೋಪಾನವಾಗಿ ಇಟ್ಟಿರುತ್ತಾರೆ. ಕಾವ್ಯ ತನ್ನ ಮೇಷ್ಟ್ರ ಹತ್ತಿರ ಹೋಗಿ ಕೇಳಲಿ.

ಲೈನ್ ಮನೆ ಹುಡುಗ

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಜೀತಕ್ಕಿದ್ದ ಹುಡುಗಿ ಶಾಲೆಗೆ ಹೋಗಿರುವುದಿಲ್ಲ. ಅವಳ ಹೆಸರು ಪುಸ್ತಕದಲ್ಲಿ ಸಿಗುವುದಿಲ್ಲ. ಪುಸ್ತಕದಲ್ಲಿ ಸಿಕ್ಕಿದರೆ ಕಥೆ ಸುಲಭ ಆಯಿತು.

ಅವಳಿಗೆ ಒಬ್ಬಳು ತಂಗಿ ಇರಲಿ. ತಂಗಿ ಈಗ ಮುದುಕಿ. ಮೂಡಿಗೆರೆ ಕಡೆಯ ಯಾವುದೋ ತೋಟದ ಲೈನಿನಲ್ಲಿ ಇದ್ದಾಳೆ. ಕಾವ್ಯ ಅಲ್ಲಿಗೆ ಹೋಗಿ ಕೇಳಬೇಕು. ಆ ಮುದುಕಿ ತಕ್ಷಣ ಹೇಳುವುದಿಲ್ಲ. 'ನಿಮ್ಮ ಮನೆಯವರಿಗೆ ಅವಳ ಹೆಸರು ಯಾಕೆ ಬೇಕು ಈಗ?' ಅಂತ ಕೇಳುತ್ತಾಳೆ. ನನ್ನ ಅಜ್ಜಿ ಆಗಿದ್ದರೆ ಹಾಗೇ ಕೇಳುತ್ತಿದ್ದರು. ದೆವ್ವಕ್ಕಿಂತ ಆ ಪ್ರಶ್ನೆಯ ಎದುರು ನಿಲ್ಲುವುದು ಕಾವ್ಯಳಿಗೆ ಕಷ್ಟ ಆಗಬೇಕು. ಅಲ್ಲಿ ಅವಳು ಏನು ಹೇಳುತ್ತಾಳೆ ಅನ್ನುವುದನ್ನು ಚೆನ್ನಾಗಿ ಯೋಚನೆ ಮಾಡಿ ಬರೆಯಿರಿ. ಕ್ಷಮೆ ಕೇಳಿಸಿ ಸುಲಭ ಮಾಡಬೇಡಿ. ಹತ್ತು ವರ್ಷದ ಮಗು ಕ್ಷಮೆ ಕೇಳಿದರೆ ದೊಡ್ಡವರು ಮತ್ತೆ ತಪ್ಪಿಸಿಕೊಂಡರು.

ಹೇಮಾವತಿ ದಂಡೆ

ಸರ್, ಅಜ್ಜಿಯೂ ಜೊತೆಗೆ ಹೋಗಬೇಕು ಅಂತಾಯಿತು. ಮಗು ಕೇಳುತ್ತದೆ, ಉತ್ತರ ಅಜ್ಜಿ ಕೊಡಬೇಕು. ಇಬ್ಬರು ಮುದುಕಿಯರ ನಡುವೆ ಕಾವ್ಯ ಕೂತಿರುತ್ತಾಳೆ. ಆ ಭಾಗ ಬರೆದ ಮೇಲೆ ಮೊದಲು ನಿಮಗೆ ಕಳಿಸುತ್ತೇನೆ. ಓದಿ, ಸರಿ ಇಲ್ಲದಿದ್ದರೆ ಸರಿ ಇಲ್ಲ ಅಂತಲೇ ಹೇಳಿ.

ಲೈನ್ ಮನೆ ಹುಡುಗ

ಕಳಿಸಿ. ಅಮ್ಮನಿಗೂ ಓದಿ ಹೇಳುತ್ತೇನೆ.

ಕಾಫಿ ಕಣ

ಲೈನಿಗೆ ಹೋಗುವ ದಾರಿಯಲ್ಲಿ ಸಿಳ್ಳೆ ಹಕ್ಕಿ ಇರಲಿ. ಮಳೆ ಹಿಡಿದ ಮೇಲಿನ ಬೆಳಿಗ್ಗೆ ಆಗಿರಬೇಕು. ಬೇಸಿಗೆಯಲ್ಲಿ ಅದು ಅಷ್ಟು ಹಾಡುವುದಿಲ್ಲ.

ಮೂಡಿಗೆರೆ ಮೇಷ್ಟ್ರು

ಹಾಗಾದರೆ ಒಂದು ವಿಷಯ ಕಥೆಗೆ ಬಹಳ ಉಪಯೋಗಕ್ಕೆ ಬರುತ್ತದೆ. ಹೇಮಾವತಿ ಹುಟ್ಟುವುದು ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲಿ, ಬಲ್ಲಾಳರಾಯನದುರ್ಗದ ಕಡೆ. ಗೊರೂರಿನಲ್ಲಿ ನೀರು ಏರಲು ಗೊರೂರಿನಲ್ಲಿ ಮಳೆ ಬರಬೇಕಾಗಿಲ್ಲ. ಜೂನ್‌ನಲ್ಲಿ ಇಲ್ಲಿ ಮಳೆ ಹಿಡಿದರೆ ಸಾಕು, ಅಲ್ಲಿ ಆಕಾಶ ಬರಿದಾಗಿದ್ದರೂ ಹಿನ್ನೀರು ದಿನ ದಿನಕ್ಕೆ ಮುಂದೆ ಬರುತ್ತದೆ. ಕಾವ್ಯ ಮತ್ತು ಅಜ್ಜಿ ಹೆಸರು ಕೇಳಲು ಮೂಡಿಗೆರೆಗೆ ಬಂದ ದಿನ ಇಲ್ಲಿ ಮಳೆ ಸುರಿಯುತ್ತಿರಲಿ. ಅದೇ ನೀರು ಅವರಿಗಿಂತ ಮೊದಲು ಹೊಸ್ತಿಲ ಕಡೆ ಹೊರಟಿರುತ್ತದೆ. ಬಸ್ಸಿನಲ್ಲಿ ಕೂತ ಕಾವ್ಯ ಸಕಲೇಶಪುರದ ಸೇತುವೆ ದಾಟುವಾಗ ಕೆಳಗೆ ಕೆಂಪು ನೀರು ನೋಡಲಿ. ಹೊಸ್ತಿಲು ಮುಳುಗುವ ಮುಂಚೆ ಅವಳು ತಲುಪುತ್ತಾಳೋ ಇಲ್ಲವೋ, ಅದನ್ನು ನೀವು ತೀರ್ಮಾನ ಮಾಡಿ.